ಭಾವ ಹೊಲಿದ ಕಂಪ್ಯೂಟರು

ಕಂಪ್ಯೂಟರ್ ಅಂಗಡಿಯಲ್ಲಿ ಕೆಳಗಿನ ಸಾಲಿನ ಪೆಟ್ಟಿಗೆಯೊಂದರ ಮೇಲಿದ್ದ ಸಣ್ಣಕ್ಷರಗಳನ್ನು ಓದಲೆಂದು ಗ್ರಂಥಪಾಲಕ ಬಗ್ಗಿದ. ಓದಿದ್ದು ಎರಡೇ ಸಾಲು. ಅಷ್ಟರಲ್ಲಿ ಅವನ ಹಿಂಭಾಗದಿಂದ ಒಂದು ಸದ್ದು ಬಂತು. ಅಂಥ ದೊಡ್ಡ ಸದ್ದೇನಲ್ಲ, ಯಾರೋ ಆತುರದಲ್ಲಿ ಲಕೋಟೆ ಹರಿದ ಹಾಗೆ. ಆದರೆ ಅಂಗಡಿಯಲ್ಲಿದ್ದ ನಾಲ್ಕೂ ಗಿರಾಕಿಗಳು, ಕಾಗದ ಬಂದದ್ದು ತಮಗೇ ಎಂಬಂತೆ ಇತ್ತ ತಿರುಗಿದರು.

ಪ್ಯಾಂಟು ಹರಿಯುವುದು ಮಹಾಪರಾಧವೇನಲ್ಲ. ಐವತ್ತು ದಾಟಿದ ಮೇಲೆ ಹೊಟ್ಟೆಗೂ ಸೊಂಟಕ್ಕೂ ಗಡಿ ತಕರಾರು ಶುರುವಾಗುವುದು ಎಲ್ಲರಿಗೂ ಇದ್ದದ್ದೇ. ಗ್ರಂಥಪಾಲಕನ ಪಾಡು ಬೇರೆ. ಅವನ ಪಕ್ಕದಲ್ಲಿ ನಿಂತಿದ್ದವರು ಸ್ವಂತ ಅಕ್ಕನ ಗಂಡ, ನಲವತ್ತು ವರ್ಷದಿಂದ ಟೈಲರು. ಹರಿದದ್ದು ಅವರು ಹೊಲಿದ ಪ್ಯಾಂಟಲ್ಲ. ಅವರ ಅಂಗಡಿಯ ಎದುರಿಗೇ ಇರುವ ರೆಡಿಮೇಡ್ ಅಂಗಡಿಯಿಂದ, ಭಾವ ಊಟಕ್ಕೆ ಹೋಗುವ ಹೊತ್ತು ಕಾದು, ಕಳ್ಳನ ಹಾಗೆ ನುಗ್ಗಿ ತಂದ ಪ್ಯಾಂಟು.

ಭಾವ ಹರಿದ ಜಾಗವನ್ನೊಮ್ಮೆ ನೋಡಿದರು. ಕಾಲರಿನ ಒಳಮಗ್ಗುಲಿಗೆ ಯಾವಾಗಲೂ ಸಿಕ್ಕಿಸಿಕೊಂಡಿರುವ ಪಿನ್ನುಗಳಲ್ಲಿ ಮೂರನ್ನು ತೆಗೆದರು. ಮಾನಿಟರುಗಳ ಸಾಲಿನ ಹಿಂದಕ್ಕೆ ಅವನನ್ನು ನೂಕಿಕೊಂಡು ಹೋದರು.

"ನೆಟ್ಟಗೆ ನಿಂತ್ಕೋ. ಉಸಿರು ಬಿಡಬೇಡ."

ಮೂರು ಪಿನ್ನು ಮೂರು ಕ್ಷಣದಲ್ಲಿ ಕೂತವು. ಆಮೇಲೆ ಏನೂ ಆಗದವರ ಹಾಗೆ ಕಂಪ್ಯೂಟರಿನ ಕಡೆ ತಿರುಗಿದರು. ಎರಡು ಬೈಗುಳ ಬೈದಿದ್ದರೆ ಗ್ರಂಥಪಾಲಕನಿಗೆ ನೆಮ್ಮದಿಯಾಗುತ್ತಿತ್ತು. ಭಾವನ ಬೈಗುಳ ಸಾಲವಿದ್ದ ಹಾಗೆ, ತಡವಾದಷ್ಟೂ ಬೆಳೆಯುತ್ತದೆ ಎಂದು ಅವನಿಗೆ ಗೊತ್ತಿತ್ತು.

ಭಾವ ಅಂದರೆ ಊರಿಗೆಲ್ಲ 'ಮಾಸ್ಟರ್'. ಅವರು ಯಾರ ಮುಖವನ್ನೂ ಸರಿಯಾಗಿ ನೋಡಿದವರಲ್ಲ, ನೋಡುವುದು ಭುಜ. "ಎಡಗಡೆ ಅರ್ಧ ಇಂಚು ಇಳಿಜಾರು ಇದ್ದಾರಲ್ಲ, ಅವರು ಬಂದಿದ್ರು" ಎಂದರೆ, ಬಂದದ್ದು ಅಂಚೆ ಕಚೇರಿಯವರು ಎಂದು ಮನೆಯವರು ಅರ್ಥ ಮಾಡಿಕೊಳ್ಳಬೇಕು. ಕುತ್ತಿಗೆಯಲ್ಲಿ ಟೇಪು ಇಲ್ಲದೆ ಅವರನ್ನು ಕಂಡವರಿಲ್ಲ. ಮದುವೆ ಮನೆಗೂ ಹಾಕಿಕೊಂಡೇ ಹೋಗಿ, ಫೋಟೋ ತೆಗೆಯುವವನು ಹೇಳಿದ ಮೇಲೆ ಜೇಬಿಗೆ ಇಳಿಸಿದ್ದುಂಟು. ಅವರ ಅಳತೆ ಪುಸ್ತಕದಲ್ಲಿ ಅರ್ಧ ಊರೇ ಇದೆ, ಪೆನ್ಸಿಲಿನಲ್ಲಿ. ಪೆನ್ನು ಯಾಕಿಲ್ಲ ಎಂದರೆ, "ಮನುಷ್ಯ ಏನು ಮೇಜಾ, ಇದ್ದ ಹಾಗೇ ಇರೋಕೆ?" ಎನ್ನುತ್ತಾರೆ. ತೀರಿಕೊಂಡವರ ಪುಟವನ್ನೂ ಹರಿಯುವುದಿಲ್ಲ. ಮಗನ ಭುಜ ಹೆಚ್ಚುಕಡಿಮೆ ಅಪ್ಪನದೇ ಇರುತ್ತದಂತೆ.

ಬಟ್ಟೆ ಯಾವಾಗ ಕೊಡುತ್ತೀರಿ ಎಂದು ಕೇಳಿದವರಿಗೆಲ್ಲ ಅವರದು ಒಂದೇ ಉತ್ತರ, "ಮಂಗಳವಾರ ಬನ್ನಿ." ಯಾವ ಮಂಗಳವಾರ ಎಂದು ಅವರು ಹೇಳುವುದಿಲ್ಲ. ಅಂಗಡಿಗೆ ವಾರದ ರಜೆಯೂ ಮಂಗಳವಾರವೇ. ಇಷ್ಟಾದರೂ ಜನ ಬಿಟ್ಟುಹೋಗದೆ ಇದ್ದದ್ದಕ್ಕೆ ಕಾರಣ, ಮಾಸ್ಟರ್ ಹೊಲಿದ ಬಟ್ಟೆ ಹಾಕಿಕೊಂಡರೆ ಮೈಯಲ್ಲಿರುವ ಐಬು ಬಟ್ಟೆಯಲ್ಲಿ ಕಾಣುತ್ತಿರಲಿಲ್ಲ.

ಆದರೆ ಈಚೆಗೆ ಜನ ತಮ್ಮ ಐಬುಗಳ ಬಗ್ಗೆ ತಲೆಕೆಡಿಸಿಕೊಳ್ಳುವುದನ್ನು ಬಿಟ್ಟಿದ್ದರು. ಎದುರಿನ ರೆಡಿಮೇಡ್ ಅಂಗಡಿಗೆ ಗಾಜಿನ ಬಾಗಿಲು ಬಂತು, ಭಾವನ ಅಂಗಡಿಯ ಬೆಂಚಿಗೆ ಧೂಳು ಬಂತು. ಆ ಅಂಗಡಿಯವನು ಕೆಟ್ಟ ಮನುಷ್ಯನಲ್ಲ. ಕೆಟ್ಟವನಾಗಿದ್ದರೆ ವಾಸಿ ಇತ್ತು. ಒಂದು ದಿನ ರಸ್ತೆ ದಾಟಿ ಬಂದು, ನಿಜವಾದ ಕನಿಕರದಿಂದ, "ಮಾಸ್ಟ್ರೇ, ನಮ್ಮಲ್ಲಿ ಪ್ಯಾಂಟಿನ ಉದ್ದ ಕಡಿಮೆ ಮಾಡೋಕೆ ಒಬ್ರು ಬೇಕು. ಫ್ಯಾನಿನ ಕೆಳಗೇ ಕುರ್ಚಿ ಹಾಕಿಸ್ತೀನಿ, ಬಂದುಬಿಡಿ" ಎಂದಿದ್ದ. ಭಾವ ಆ ದಿನ ಊಟ ಮಾಡಲಿಲ್ಲ. ಮೂರು ದಿನ ಆ ಕುರ್ಚಿಯ ವಿಷಯ ಯಾರೂ ಎತ್ತಲಿಲ್ಲ. ನಾಲ್ಕನೆಯ ದಿನ ಭಾವನೇ, "ಫ್ಯಾನು ಅಂತೂ ಇದೆ" ಎಂದದ್ದು ಕೇಳಿ ಅಕ್ಕ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ದೊಡ್ಡಾಸ್ಪತ್ರೆಯ ಮೇಟ್ರನ್ ಬಂದರು. ದಾದಿಯರಿಗೆ ಅರವತ್ತು ಕೋಟು ಬೇಕು, ಪ್ರತಿಯೊಂದರ ಜೇಬಿನ ಮೇಲೂ ಅವರವರ ಹೆಸರು ದಾರದಲ್ಲಿ ಮೂಡಿರಬೇಕು. ಎದುರಿನವನೂ ಕೊಡುತ್ತೇನೆ ಎಂದಿದ್ದಾನೆ. ಗುರುವಾರ ಹನ್ನೊಂದು ಗಂಟೆಗೆ ಬಂದು ಇಬ್ಬರ ಮಾದರಿಯನ್ನೂ ನೋಡುತ್ತೇನೆ, ಒಬ್ಬರಿಗೆ ಕೊಡುತ್ತೇನೆ ಎಂದು ಹೇಳಿ ಹೋದರು. ಮುಚ್ಚಿಹೋದ ಕಾರ್ಖಾನೆಯಿಂದ ಬಂದ ಎಂಬ್ರಾಯ್ಡರಿ ಮೆಷಿನ್ನೊಂದು ಭಾವನ ಅಂಗಡಿಯ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿತ್ತು. ಅದಕ್ಕೆ ಅಕ್ಷರ ಹೇಳಿಕೊಡಲು ಕಂಪ್ಯೂಟರು ಬೇಕು. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವುದನ್ನು ಅಕ್ಕ ಮೂರು ತಿಂಗಳ ತರಗತಿಗೆ ಹೋಗಿ ಕಲಿತಿದ್ದಳು. ಕಂಪ್ಯೂಟರೊಂದೇ ಇರಲಿಲ್ಲ. ಅದಕ್ಕೇ ಶನಿವಾರ ಬೆಳಿಗ್ಗೆ ಭಾವ ಈ ಅಂಗಡಿಗೆ ಬಂದದ್ದು, ಸಲಹೆಗೆಂದು ಗ್ರಂಥಪಾಲಕನನ್ನು ಕರೆತಂದದ್ದು.

ಗ್ರಂಥಪಾಲಕ ಸಲಹೆ ಕೊಡುವುದರಲ್ಲಿ ಪಳಗಿದವನು. ಕಾಲೇಜು ಲೈಬ್ರರಿಯಲ್ಲಿ ಯಾರೂ ಮುಟ್ಟದ ಪತ್ರಿಕೆಗಳನ್ನೆಲ್ಲ ತಾನೇ ಓದಿ ಮುಗಿಸುವುದರಿಂದ, ಜೇನು ಸಾಕಣೆಯಿಂದ ಹಿಡಿದು ಜಲಾಂತರ್ಗಾಮಿಯವರೆಗೆ ಅವನಿಗೆ ಅಭಿಪ್ರಾಯಗಳಿದ್ದವು. ಅನುಭವ ಯಾವುದರಲ್ಲೂ ಇರಲಿಲ್ಲ.

"ಭಾವ, ಸುಮ್ನೆ ತಯಾರಾಗಿರೋದನ್ನೇ ತೊಗೊಳ್ಳಿ" ಎಂದ, ಬೆನ್ನು ಗೋಡೆಗೆ ಒತ್ತಿಕೊಂಡು. "ತಂದು ತಂತಿ ಸಿಕ್ಕಿಸಿದ್ರೆ ಮುಗೀತು. ಮುಖ್ಯವಾಗಿ ಗ್ಯಾರಂಟಿ ಕಾರ್ಡ್ ಇರುತ್ತೆ. ಕೆಟ್ರೆ ಒಬ್ಬನ ಕುತ್ತಿಗೆ ಹಿಡೀಬಹುದು. ಬಿಡಿಬಿಡಿಯಾಗಿ ತಂದು ಜೋಡಿಸಿದ್ರೆ ಯಾರ ಕುತ್ತಿಗೆ ಹಿಡೀತೀರಿ?"

"ಟೈಲರ್ ಕುತ್ತಿಗೆ" ಎಂದರು ಭಾವ. "ನಲವತ್ತು ವರ್ಷದಿಂದ ಅದನ್ನೇ ಹಿಡೀತಾ ಇದಾರೆ."

ಅಂಗಡಿಯಾಕೆ ಚುರುಕಿನ ಹೆಂಗಸು. ತಯಾರಾದ ಕಂಪ್ಯೂಟರೊಂದನ್ನು ತಂದು ಮುಂದಿಟ್ಟು ಅದರ ಗುಣಗಾನ ಮಾಡಿದಳು. ಭಾವ ಎಲ್ಲವನ್ನೂ ಸಮಾಧಾನದಿಂದ ಕೇಳಿಕೊಂಡರು. ಡಬ್ಬದ ಮೇಲೆ ಕೈಯಾಡಿಸಿದರು, ಅಂಚನ್ನು ಉಗುರಿನಿಂದ ಕೆರೆದು ನೋಡಿದರು.

"ಇದನ್ನ ಒಂದು ಸಲ ತಿರುಗಿಸಿ ತೋರಿಸಿ."

"ಹಿಂದೆನಾ ಸಾರ್?"

"ಹಿಂದೆ ಅಲ್ಲಮ್ಮ. ಒಳಗೆ. ಒಳಗಿನ ಹೊಲಿಗೆ ನೋಡಬೇಕು."

"ಅದಕ್ಕೆ ಸೀಲ್ ಇದೆ ಸಾರ್. ಬಿಚ್ಚಿದ್ರೆ ಗ್ಯಾರಂಟಿ ಹೋಗುತ್ತೆ."

ಭಾವ ಟೇಪಿನ ಎರಡೂ ತುದಿ ಹಿಡಿದುಕೊಂಡರು. "ಒಳಗೆ ನೋಡಿದ್ರೆ ಹೋಗೋ ಗ್ಯಾರಂಟಿ ಎಂಥ ಗ್ಯಾರಂಟಿ? ನಾನು ಹೊಲಿದ ಕೋಟನ್ನ ಗಿರಾಕಿ ಒಳಗೆ ತಿರುಗಿಸಿ ನೋಡದೆ ತೊಗೊಂಡ್ರೆ ನನಗೇ ಅನುಮಾನ ಬರುತ್ತೆ, ಇವರು ಹಾಕ್ಕೊಳ್ಳೋಕೆ ತೊಗೊಳ್ತಾ ಇದಾರೋ ಯಾರಿಗೋ ಕೊಡೋಕೋ ಅಂತ."

ಅಂಗಡಿಯಾಕೆಗೆ ನಗು ಬಂತು. ಪ್ರದರ್ಶನಕ್ಕೆಂದು ಬಿಚ್ಚಿಟ್ಟಿದ್ದ ಅದೇ ಮಾದರಿಯ ಇನ್ನೊಂದನ್ನು ತೋರಿಸಿದಳು. ಭಾವ ಕನ್ನಡಕ ಏರಿಸಿ ಇಣುಕಿದರು. ಮೆಮೊರಿ ಸಿಕ್ಕಿಸಲು ಒಂದೇ ಒಂದು ಜಾಗ, ಅದು ಈಗಾಗಲೇ ಭರ್ತಿ. ಉಳಿದಂತೆ ಎಲ್ಲವೂ ಅಲ್ಲಿಂದಲ್ಲಿಗೆ.

"ಒಳಗೆ ಬಟ್ಟೆನೇ ಬಿಟ್ಟಿಲ್ಲ" ಎಂದರು. "ನಾಳೆ ಕೆಲಸ ಜಾಸ್ತಿಯಾಗಿ ಇದು ದಪ್ಪ ಆಗಬೇಕು ಅಂದ್ರೆ ಬಿಚ್ಚೋಕೆ ಎಲ್ಲಿದೆ? ಇದು ಒಂದೇ ವರ್ಷದ ಯೂನಿಫಾರಂ."

ಹತ್ತು ವರ್ಷದ ಅನುಭವದಲ್ಲಿ ಕಂಪ್ಯೂಟರಿನ ಬಗ್ಗೆ ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ ಎಂದು ಅಂಗಡಿಯಾಕೆ ಒಪ್ಪಿಕೊಂಡಳು. ಬಿಡಿಭಾಗಗಳ ಪಟ್ಟಿ ಬರೆದುಕೊಟ್ಟಳು. ಬೇಕಾದ್ದನ್ನೆಲ್ಲ ಡಿಸ್ಕಿನಲ್ಲಿ ತುಂಬಿಸಿಕೊಡುತ್ತೇನೆ, ಆದರೆ ಜೋಡಿಸುವವರು ಮುಂದಿನ ವಾರವೇ ಬರುವುದು ಎಂದಳು.

"ನಾನೇ ಜೋಡಿಸ್ತೀನಿ" ಎಂದರು ಭಾವ. "ತೋಳು, ಕಾಲರು, ಬೆನ್ನು ಎಲ್ಲ ನೀವೇ ಕತ್ತರಿಸಿ ಕೊಟ್ಟಿದೀರಿ. ಇನ್ನೇನಿದೆ, ಕೂಡಿಸೋದು ತಾನೆ?"

ಗ್ರಂಥಪಾಲಕ ಹೊರಗೆ ಹೋದವನು ಮತ್ತೆ ಒಳಗೆ ಬಂದ. ಬೆನ್ನು ತಿರುಗಿಸದೆ, ಪಕ್ಕಪಕ್ಕಕ್ಕೆ ನಡೆದು ಬಂದದ್ದರಿಂದ ಸ್ವಲ್ಪ ತಡವಾಯಿತು. "ಆ ತಯಾರಾದದ್ದು ಇದೆಯಲ್ಲ, ಅದನ್ನ ಬುಧವಾರ ಸಂಜೆ ತನಕ ಎತ್ತಿಟ್ಟಿರಿ. ನಮ್ಮ ಭಾವನಿಗೆ ಹೇಳಬೇಡಿ" ಎಂದು ಪಿಸುಗುಟ್ಟಿದ.

ಆ ಸಂಜೆ ಭಾವನ ಹಳೆಯ ಪ್ಯಾಂಟು ಹಾಕಿಕೊಂಡು ಅವನು ಮನೆಗೆ ಹೋದ. ಪ್ಯಾಂಟು ಕಾಲ್ಗಿಣ್ಣಿನ ಮೇಲಕ್ಕೇ ನಿಂತಿತ್ತು, ಪ್ರವಾಹದ ನಿರೀಕ್ಷೆಯಲ್ಲಿದ್ದವನ ಹಾಗೆ ಕಾಣುತ್ತಿದ್ದ. ಹರಿದದ್ದನ್ನು ಭಾವ ತೆಗೆದುಕೊಂಡು, ಸಂಖ್ಯೆ ಬರೆದ ಚೀಟಿ ಸಿಕ್ಕಿಸಿ, ಅಂಗಡಿಗೆ ಬಂದವರಿಗೆಲ್ಲ ಮೊದಲು ಕಾಣುವ ಮೊಳೆಗೆ ತೂಗುಹಾಕಿದರು. ರಸ್ತೆಯಾಚೆಗೂ ಕಾಣುತ್ತಿತ್ತು.

ಮಂಗಳವಾರ ರಜೆಯ ದಿನ. ಕತ್ತರಿಸುವ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಭಾವ ಭಾಗಗಳನ್ನು ಸಾಲಾಗಿ ಜೋಡಿಸಿಟ್ಟರು. ಗ್ರಂಥಪಾಲಕನ ಕೆಲಸ, ಜೊತೆಗೆ ಬಂದ ಪುಸ್ತಿಕೆಯನ್ನು ಗಟ್ಟಿಯಾಗಿ ಓದುವುದು. ಅವನು ಮೊದಲ ಪುಟದಿಂದಲೇ, ಮುದ್ರಕರ ವಿಳಾಸವನ್ನೂ ಬಿಡದೆ ಓದಿದ. ಅವನು 'ಎಚ್ಚರಿಕೆಗಳು' ಮುಗಿಸುವಷ್ಟರಲ್ಲಿ ಭಾವ ಚಿತ್ರ ನೋಡಿಕೊಂಡು ಪ್ರೊಸೆಸರನ್ನು ಕೂರಿಸಿ ಆಗಿತ್ತು.

ಆ ಬೆರಳುಗಳನ್ನು ನೋಡುವುದೇ ಒಂದು ಚಂದ. ಕೂದಲೆಳೆಯಂಥ ತಂತಿಗಳು ಅವರ ಕೈಯಲ್ಲಿ ದಾರದ ಹಾಗೆ ಮಾತು ಕೇಳಿದವು. ಯಾವುದನ್ನೂ ಎಳೆಯಲಿಲ್ಲ, ಯಾವುದನ್ನೂ ನೂಕಲಿಲ್ಲ. ಸಂಜೆಯ ಹೊತ್ತಿಗೆ ಎಲ್ಲ ತಂತಿಗಳೂ ಒಂದೇ ಅಂತರದಲ್ಲಿ, ಕಪ್ಪು ದಾರದ ಗಂಟುಗಳೊಂದಿಗೆ ಡಬ್ಬದ ಬದಿಗೆ ಒರಗಿ ಕೂತಿದ್ದವು. ಅಕ್ಕ ಟೀ ತಂದವಳು ನೋಡಿ, "ನಿನ್ನ ಮದುವೆ ಸೂಟಿಗೂ ಇಷ್ಟು ನಿಗಾ ಇಟ್ಟಿರಲಿಲ್ಲ ಕಣೋ" ಎಂದು ತಮ್ಮನಿಗೆ ಹೇಳಿದಳು.

"ಅವನ ಸೂಟಿಗೆ ನಿಗಾ ಬೇಡವಾಗಿತ್ತು" ಎಂದರು ಭಾವ. "ಆಗ ಸೊಂಟ ಇತ್ತು."

ಬುಧವಾರ ಬೆಳಿಗ್ಗೆ ಗುಂಡಿ ಒತ್ತಿದರು. ಒಳಗಿನ ಫ್ಯಾನು ತಿರುಗಿತು, ಕೆಂಪು ದೀಪ ಹತ್ತಿತು. ಪರದೆ ಮಾತ್ರ ಕಪ್ಪಗೆ ಕೂತಿತ್ತು. ಆರಿಸಿ ಮತ್ತೆ ಹಾಕಿದರು. ಅದೇ ಫ್ಯಾನು, ಅದೇ ಕಪ್ಪು. ಗ್ರಂಥಪಾಲಕ ಪುಸ್ತಿಕೆಯ ಕೊನೆಯ ಪುಟ ತೆಗೆದು ಓದಿದ, "ಎಲ್ಲವೂ ಸರಿಯಾಗಿ ಕೂತಿದೆಯೇ ಪರೀಕ್ಷಿಸಿ." ಭಾವ ಪರೀಕ್ಷಿಸಿದರು. ಎಲ್ಲವೂ ಕೂತಿತ್ತು. ಅಂಗಡಿಯಾಕೆಗೆ ಫೋನು ಮಾಡಿದರೆ ಅವಳೂ ಅದನ್ನೇ ಕೇಳಿದಳು, ಭಾವ ಅದೇ ಉತ್ತರ ಕೊಟ್ಟರು. ಮಧ್ಯಾಹ್ನ ಮೂರಾಯಿತು. ಎದುರಿನ ಗಾಜಿನ ಬಾಗಿಲಿನಲ್ಲಿ ಒಂದು ಬಿಳಿ ಕೋಟು ಬೊಂಬೆಯ ಮೈಮೇಲೆ ಆಗಲೇ ನಿಂತಿತ್ತು, ಜೇಬಿನ ಮೇಲೆ ಹೆಸರಿನ ಪಟ್ಟಿ ಅಂಟಿಸಿಕೊಂಡು.

ಗ್ರಂಥಪಾಲಕನಿಗೆ ತಡೆಯಲಾಗಲಿಲ್ಲ. "ಭಾವ, ಬೈಬೇಡಿ. ಆ ತಯಾರಾದದ್ದನ್ನ ನಾನು ಎತ್ತಿಡೋಕೆ ಹೇಳಿದೀನಿ. ಸಂಜೆ ತನಕ ಇರುತ್ತೆ. ಹೋಗಿ ತಂದ್ರೆ ನಾಳೆ ಹನ್ನೊಂದಕ್ಕೆ ಒಂದು ಕೋಟಾದ್ರೂ ಆಗುತ್ತೆ."

ಬೈಗುಳಕ್ಕೆ ಅವನು ಸಿದ್ಧನಾಗಿದ್ದ. ಶನಿವಾರದ ಬಾಕಿಯೂ ಸೇರಿ ಬರಲಿ ಎಂದು ಕಣ್ಣು ಮುಚ್ಚಿಯೂ ಇದ್ದ. ಏನೂ ಬರಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಭಾವ ಕುತ್ತಿಗೆಯಿಂದ ಟೇಪು ತೆಗೆದು ಮೇಜಿನ ಮೇಲೆ ಇಡುತ್ತಿದ್ದರು.

"ಹೋಗಿ ತೊಗೊಂಡು ಬಾ" ಎಂದರು. "ರೆಡಿಮೇಡ್ ತಂದ್ಮೇಲೆ ಅವನ ಕುರ್ಚಿನೂ ದೂರ ಇಲ್ಲ ಬಿಡು."

ಗ್ರಂಥಪಾಲಕ ಭಾವನ ಕುತ್ತಿಗೆಯನ್ನು ಬರಿದಾಗಿ ನೋಡಿದ್ದು ಅದೇ ಮೊದಲು. ಟೇಪು ಇದ್ದ ಜಾಗದಲ್ಲಿ ಚರ್ಮ ಬಿಳುಚಿಕೊಂಡು ಒಂದು ಗೆರೆ ಇತ್ತು. ಗೆದ್ದದ್ದು ತನ್ನ ಸಲಹೆಯೇ ಆದರೂ, ಚಪ್ಪಲಿ ಮೆಟ್ಟಲು ಅವನಿಗೆ ಕಾಲು ಬರಲಿಲ್ಲ.

ಮೂಲೆಯಲ್ಲಿ ಕೂತು ರವಿಕೆಯೊಂದಕ್ಕೆ ಟಿಚ್ ಬಟನ್ ಹಾಕುತ್ತಿದ್ದ ಅಕ್ಕ ಎದ್ದು ಬಂದಳು. ಡಬ್ಬದೊಳಗೆ ಬಗ್ಗಿ ನೋಡಿದಳು. ಒಂದು ಸ್ಕ್ರೂ ಮುಟ್ಟಿದಳು, ಅದು ಅಲ್ಲಾಡಿತು. ಇನ್ನೊಂದು ಮುಟ್ಟಿದಳು, ಅದೂ ಅಲ್ಲಾಡಿತು.

"ಏನ್ರೀ ಇದು? ಎಲ್ಲಾ ಕಚ್ಚಾ ಹೊಲಿಗೆ ಹಾಕಿ ಬಿಟ್ಟಿದೀರಿ?"

"ಟ್ರಯಲ್ ಆಗಬೇಡವಾ?" ಎಂದರು ಭಾವ. "ಟ್ರಯಲ್ ನೋಡದೆ ಪಕ್ಕಾ ಹೊಲಿಗೆ ಹಾಕೋಕೆ ಆಗುತ್ತಾ? ಆಮೇಲೆ ಬಿಚ್ಚಬೇಕಾದ್ರೆ?"

ವಿಷಯ ಅಷ್ಟೇ. ನಲವತ್ತು ವರ್ಷದಲ್ಲಿ ಮೊದಲ ಸಲಕ್ಕೇ ಬಿಗಿಯಾಗಿ ಹೊಲಿದವರಲ್ಲ ಅವರು. ದೊಡ್ಡ ಎಳೆ ಹಾಕಿ ಸಡಿಲವಾಗಿ ಕೂಡಿಸುವುದು, ಗಿರಾಕಿಗೆ ತೊಡಿಸಿ ನೋಡುವುದು, ಆಮೇಲೆ ಗಟ್ಟಿ ಮಾಡುವುದು ಅವರ ಪದ್ಧತಿ. ಇಲ್ಲೂ ಹಾಗೇ, ಸ್ಕ್ರೂಗಳನ್ನು ಅರ್ಧಕ್ಕೆ ತಿರುಗಿಸಿ, ಮೆಮೊರಿಯ ಪಟ್ಟಿಯನ್ನು ರೇಷ್ಮೆಯ ಅಂಚಿನ ಹಾಗೆ ಮೆಲ್ಲಗೆ ಆನಿಸಿ ಬಿಟ್ಟಿದ್ದರು. ಕಂಪ್ಯೂಟರು ಟ್ರಯಲ್ಲಿಗೆ ಒಪ್ಪುವ ಗಿರಾಕಿಯಲ್ಲ.

"ಇದನ್ನ ಒತ್ತಬೇಕಲ್ವಾ?" ಅಕ್ಕ ಮೆಮೊರಿಯ ಪಟ್ಟಿಯ ಮೇಲೆ ಹೆಬ್ಬೆರಳಿಟ್ಟಳು.

"ಏಯ್, ಮುರಿದೀಯ. ಸೂಕ್ಷ್ಮ ಅದು."

"ಟಿಚ್ ಬಟನ್ನೂ ಸೂಕ್ಷ್ಮನೇ. ಸದ್ದು ಬರೋ ತನಕ ಒತ್ತದೆ ಇದ್ರೆ ರವಿಕೆ ಮೈಮೇಲೆ ನಿಲ್ಲುತ್ತಾ?" ಎಂದು ಹೇಳಿ, ಮೂವತ್ತು ವರ್ಷ ಸಾವಿರಾರು ಬಟನ್ನುಗಳನ್ನು ಒತ್ತಿದ ಆ ಹೆಬ್ಬೆರಳಿನಿಂದ ಈ ತುದಿ ಒತ್ತಿದಳು. ಟಿಕ್. ಆ ತುದಿ ಒತ್ತಿದಳು. ಟಿಕ್.

ಭಾವ ಗುಂಡಿ ಒತ್ತಿದರು. ಫ್ಯಾನು ತಿರುಗಿತು, ಪರದೆ ಮೊದಲು ಬೂದುಬಣ್ಣವಾಯಿತು, ಆಮೇಲೆ ನೀಲಿಯಾಯಿತು, ಆಮೇಲೆ ಎರಡು ಸಾಲು ಬರಹ ಬಂತು. ಗ್ರಂಥಪಾಲಕ ಆ ಎರಡು ಸಾಲನ್ನು, ಅರ್ಥವಾಗದಿದ್ದರೂ, ಗಟ್ಟಿಯಾಗಿ ಓದಿದ. ಭಾವ ಟೇಪು ಎತ್ತಿ ಕುತ್ತಿಗೆಗೆ ಹಾಕಿಕೊಂಡರು. ಆಮೇಲೆ ಸ್ಕ್ರೂಡ್ರೈವರ್ ಹಿಡಿದು ಒಂದೊಂದೇ ಸ್ಕ್ರೂವನ್ನು ಪಕ್ಕಾ ಮಾಡಲು ಕೂತರು.

ಗುರುವಾರ ಹನ್ನೊಂದಕ್ಕೆ ಮೇಟ್ರನ್ ಮೊದಲು ಎದುರಿನ ಅಂಗಡಿಗೆ ಹೋದರು, ಐದು ನಿಮಿಷದಲ್ಲಿ ರಸ್ತೆ ದಾಟಿ ಬಂದರು. ಭಾವ ಅವರ ಭುಜ ನೋಡಿ ಒಂದು ಕೋಟು ಮುಂದಿಟ್ಟರು. ಅಳತೆ ಕೊಟ್ಟಿರಲಿಲ್ಲವಲ್ಲ ಎಂದು ಮೇಟ್ರನ್ ಕೇಳಿದರೆ, "ಹೋದ ಸಲ ಬಾಗಿಲಲ್ಲಿ ನಿಂತು ಮಾತಾಡಿದ್ರಲ್ಲ, ಆಗಲೇ ತೊಗೊಂಡೆ" ಎಂದರು. ಜೇಬಿನ ಮೇಲೆ ನೀಲಿ ದಾರದಲ್ಲಿ ಮೇಟ್ರನ್ನರ ಹೆಸರು, ಕೊಂಬು ದೀರ್ಘ ಯಾವುದೂ ತಪ್ಪದೆ ಕೂತಿತ್ತು. ಅವರು ಹೆಸರನ್ನು ಒಂದು ಸಲ ಬೆರಳಿನಿಂದ ಸವರಿದರು. ಆಮೇಲೆ ಕೋಟನ್ನು ಒಳಗೆ ತಿರುಗಿಸಿ, ಕನ್ನಡಕ ಏರಿಸಿ, ಹೊಲಿಗೆಯ ಮೇಲೆ ಹೊಲಿಗೆ ನೋಡುತ್ತ ಹೋದರು. ಭಾವನ ಮುಖದಲ್ಲಿ ಆಗ ಕಂಡ ಸುಖವನ್ನು ಗ್ರಂಥಪಾಲಕ ತನ್ನ ಅಕ್ಕನ ಮದುವೆಯ ದಿನವೂ ಕಂಡಿರಲಿಲ್ಲ.

"ಆಪರೇಷನ್ ಮುಗಿದ ಮೇಲೆ ನಾನು ಹೊಲಿಗೆಗಳನ್ನ ಹೀಗೇ ನೋಡೋದು" ಎಂದರು ಮೇಟ್ರನ್. "ಅರವತ್ತೂ ಇಲ್ಲೇ ಆಗಲಿ. ಯಾವತ್ತು ಕೊಡ್ತೀರಿ?"

ಅಕ್ಕ ಕಣ್ಣಿನಲ್ಲೇ ಗದರಿಸಿದಳು. ಆದರೂ ಭಾವನ ಬಾಯಿಂದ ಬಂದದ್ದು "ಮಂಗಳವಾರ" ಎಂದೇ. ಅಕ್ಕ ಮುಂದೆ ಬಂದು, ಎಷ್ಟನೇ ತಾರೀಕಿನ ಮಂಗಳವಾರ ಎಂದು ತಾನೇ ಬರೆದುಕೊಟ್ಟಳು. ಇಷ್ಟು ವರ್ಷದಲ್ಲಿ ತಾರೀಕು ಇದ್ದ ಮಂಗಳವಾರ ಅದೊಂದೇ.

ಮಧ್ಯಾಹ್ನ ರೆಡಿಮೇಡ್ ಅಂಗಡಿಯವನು ಬಂದ. ಸೋತ ಬೇಸರವನ್ನು ಬಾಗಿಲಲ್ಲೇ ಬಿಟ್ಟು, ಕಂಪ್ಯೂಟರನ್ನು ಸುತ್ತ ನೋಡಿದ. "ಚೆನ್ನಾಗಿದೆ ಮಾಸ್ಟ್ರೇ. ಯಾವ ಕಂಪನಿದು?"

"ಬಟ್ಟೆ ಅಲ್ಲಿಂದ ಇಲ್ಲಿಂದ. ಹೊಲಿಗೆ ನಂದು. ಬಟನ್ ಇವಳದು."

ಅವನು ತಲೆದೂಗಿ ಹೊರಟವನು, ಮೊಳೆಯಲ್ಲಿ ತೂಗುತ್ತಿದ್ದ ಪ್ಯಾಂಟಿನ ಮುಂದೆ ನಿಂತ. ಸೊಂಟದ ಪಟ್ಟಿಯ ಒಳಗಿದ್ದ ತನ್ನದೇ ಅಂಗಡಿಯ ಚೀಟಿ ಓದಿದ. ಗ್ರಂಥಪಾಲಕನನ್ನು ನೋಡಿದ. ಗ್ರಂಥಪಾಲಕ ಪುಸ್ತಿಕೆಯಲ್ಲಿ ಮುದ್ರಕರ ವಿಳಾಸವನ್ನು ಎರಡನೆಯ ಸಲ ಓದುತ್ತಿದ್ದ. ಅಂಗಡಿಯವನು ಸಭ್ಯ ಮನುಷ್ಯ, ಏನೂ ಹೇಳದೆ ರಸ್ತೆ ದಾಟಿದ.

ಭಾವ ಈಗ ಮೇಟ್ರನ್ನರ ಅಳತೆಯನ್ನು ಪುಸ್ತಕದಲ್ಲಿ ಬರೆಯುತ್ತ ಕೂತಿದ್ದರು, ಪೆನ್ಸಿಲಿನಲ್ಲಿ. ಮುಖ ಪ್ರಸನ್ನವಾಗಿತ್ತು. ಐದು ದಿನದಿಂದ ಗಿಣ್ಣಿಗೆ ಗಾಳಿ ಹೊಡೆಸಿಕೊಂಡು ಕಾಲೇಜಿನಲ್ಲಿ ನಗೆಪಾಟಲಾಗಿದ್ದ ಗ್ರಂಥಪಾಲಕನಿಗೆ, ಕೇಳುವುದಾದರೆ ಈಗಲೇ ಕೇಳಬೇಕು ಅನ್ನಿಸಿತು. ಗಂಟಲು ಸರಿಮಾಡಿಕೊಂಡ.

"ಭಾವ, ತಪ್ಪು ನಂದೇ. ಇನ್ನು ಮೇಲೆ ಎಲ್ಲ ನಿಮ್ಮ ಹತ್ರನೇ. ಆ ಪ್ಯಾಂಟೊಂದನ್ನ ಹೊಲಿದು ಕೊಟ್ಟುಬಿಡಿ, ಸಾಕು. ಯಾವತ್ತು ಬರಲಿ, ಮಂಗಳವಾರನಾ?"

ಭಾವ ಪುಸ್ತಕದಿಂದ ತಲೆ ಎತ್ತಲಿಲ್ಲ.

"ಗ್ಯಾರಂಟಿ ಕಾರ್ಡ್ ಇರಬೇಕಲ್ಲ, ತೊಗೊಂಡು ಬಾ. ನೋಡೋಣ."